ಅಣ್ಣನ ಮುಂದೆ ಸೇದದ ಬೀಡಿ

ಕೊರೊನಾ ಕಳೆದು ಪ್ರವಾಸಿ ಹಡಗುಗಳು ಮತ್ತೆ ಸಮುದ್ರಕ್ಕಿಳಿದ ವರ್ಷ ಅದು. ಮುಂಬೈಯಿಂದ ಕೊಚ್ಚಿಗೆ ಹೋಗಿ ಬರುವ ಒಂದು ಹಡಗಿನಲ್ಲಿ ನಾನು ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆಗಿದ್ದೆ. ಏಳನೇ ಮತ್ತು ಎಂಟನೇ ಡೆಕ್ ನನ್ನ ಸುಪರ್ದಿಯಲ್ಲಿದ್ದವು. ಡೆಕ್ ಎಂದರೆ ಹಡಗಿನ ಅಂತಸ್ತು. ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ, ಸಿಮೆಂಟಿನ ಧೂಳಿನಲ್ಲಿ ಬೆಳೆದವನು ನೀರಿನ ಮೇಲೆ ಇಪ್ಪತ್ತೊಂದು ವರ್ಷ ಕಳೆದೆ ಎಂದರೆ ನಮ್ಮ ಕಡೆಯವರು ಈಗಲೂ ನಂಬುವುದಿಲ್ಲ. "ಹಡಗಿನ್ಯಾಗ ಏನ್ ಮಾಡ್ತಿದ್ದಿ?" ಎಂದು ಕೇಳುತ್ತಾರೆ. "ಮಂದಿ ಹಾಸಗಿ ಹಾಸ್ತಿದ್ದೆ" ಎಂದು ಹೇಳಿದರೆ ನಂಬುತ್ತಾರೆ.

ಮೊದಲ ಸಲ ಹಡಗು ಹತ್ತುವವರು ಮುಳುಗುವುದಕ್ಕೆ ಹೆದರುತ್ತಾರೆ. ನಾವು ಕೆಲಸದವರು ಬೆಂಕಿಗೆ ಹೆದರುತ್ತಿದ್ದೆವು. ನೆಲದ ಮೇಲೆ ಮನೆಗೆ ಬೆಂಕಿ ಬಿದ್ದರೆ ಬೀದಿಗೆ ಓಡಬಹುದು, ಹಡಗಿನಲ್ಲಿ ಬೀದಿ ಎಲ್ಲಿದೆ? ಹಾಗಾಗಿ ಹೊಗೆಯ ವಿಷಯದಲ್ಲಿ ಕಾನೂನು ಬಹಳ ಬಿಗಿ. ಬೀಡಿ, ಸಿಗರೇಟು ಏನೇ ಇರಲಿ, ಹನ್ನೊಂದನೇ ಡೆಕ್ಕಿನ ಎಡಬದಿಯ ಹಿಂಭಾಗದಲ್ಲಿ ಗುರುತು ಮಾಡಿದ ಬಯಲು ಜಾಗವೊಂದರಲ್ಲೇ ಸೇದಬೇಕು. ಕ್ಯಾಬಿನ್ನಿನಲ್ಲಿ ಇಲ್ಲ, ಬಾಲ್ಕನಿಯಲ್ಲಂತೂ ಇಲ್ಲವೇ ಇಲ್ಲ. ವೇಪ್ ಎನ್ನುವ ಎಲೆಕ್ಟ್ರಾನಿಕ್ ಸಿಗರೇಟಿಗೂ ಇದೇ ಕಾನೂನು. "ಇದು ಹೊಗೆಯಲ್ಲ, ಆವಿ" ಎಂದು ನನ್ನೊಡನೆ ವಾದಕ್ಕೆ ನಿಂತವರು ಎಷ್ಟೋ ಮಂದಿ. ಚಾವಣಿಯ ಸ್ಮೋಕ್ ಡಿಟೆಕ್ಟರ್ ಅಂಥ ವಾದ ಕೇಳುವುದಿಲ್ಲ, ಕೂಗಿಬಿಡುತ್ತದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಉರಿಯುವ ತುಂಡನ್ನು ಸಮುದ್ರಕ್ಕೆ ಎಸೆಯುವುದು. ಅಷ್ಟು ನೀರಿರುವಾಗ ಬೆಂಕಿಯ ಭಯವೇನು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ತುಂಡು ನೀರಿಗೆ ಬೀಳುವುದೇ ಇಲ್ಲ. ಹಡಗಿನ ಪಕ್ಕೆಗೆ ಬಡಿದು ತಿರುಗುವ ಗಾಳಿ ಅದನ್ನು ಕೆಳಗಿನ ಯಾವುದೋ ಬಾಲ್ಕನಿಗೆ ಒಯ್ದು ಹಾಕುತ್ತದೆ. ಸಿಕ್ಕಿಬಿದ್ದವರಿಗೆ ದಂಡ, ಅಪಾಯ ದೊಡ್ಡದಿದ್ದರೆ ಮುಂದಿನ ಬಂದರಿನಲ್ಲಿ ಇಳಿಸಿಬಿಡುವುದು.

ಆ ಡಿಸೆಂಬರಿನ ಒಂದು ಮಧ್ಯಾಹ್ನ ಪ್ರಯಾಣಿಕರು ಹತ್ತುತ್ತಿದ್ದರು. ಎಂಟನೇ ಡೆಕ್ಕಿನ ಒಂದು ಕ್ಯಾಬಿನ್ನಿನ ಹೊರಗೆ, ಕಾರ್ಪೆಟ್ ಮೇಲೆ, ಎರಡು ಜೊತೆ ಚಪ್ಪಲಿ ಅಚ್ಚುಕಟ್ಟಾಗಿ ಬಿಟ್ಟಿದ್ದು ಕಂಡಿತು. ಒಳಗಿನಿಂದ ದನಿ ಬಂತು: "ಹಣಮ್ಯಾ, ಈ ನಳ ಹ್ಯಾಂಗ ತಿರುಗಸಬೇಕೋ?"

ಆರು ತಿಂಗಳಿಂದ ಹತ್ತು ದೇಶದ ಇಂಗ್ಲಿಷ್ ಕೇಳಿ ಕೇಳಿ ಜಡ್ಡುಗಟ್ಟಿದ ನನ್ನ ಕಿವಿಗೆ ಆ ಮಾತು ಬಿದ್ದಾಗ ಆದ ಸಂತೋಷವನ್ನು ಇವತ್ತಿಗೂ ಮರೆತಿಲ್ಲ. ಬಾಗಿಲಲ್ಲಿ ನಿಂತು, "ಎಡಕ್ಕ ತಿರುಗಸ್ರಿ ಕಾಕಾ, ಬಿಸಿನೀರು ಬರ್ತದ" ಎಂದೆ. ತಲೆಗೆ ಬಿಳಿ ಪಟಗ ಸುತ್ತಿದ ಮುದುಕರೊಬ್ಬರು ಹೊರಗೆ ಇಣುಕಿದರು.

"ಯಾವೂರಪಾ ನಿಂದು?"

"ವಾಡಿರಿ."

"ಹಣಮ್ಯಾ, ಬಾ ಇಲ್ಲಿ! ನಮ್ಮ ವಾಡಿ ಹುಡುಗ ಇಲ್ಲಿ ಬಂದು ಕುಂತಾನ ನೋಡು!"

ನನಗಾಗ ನಲವತ್ತೇಳು. ಹುಡುಗ ಎನ್ನಿಸಿಕೊಂಡು ಯಾವ ಕಾಲವಾಗಿತ್ತೋ.

ಅವರು ಮರೆಪ್ಪ, ಎಪ್ಪತ್ತೊಂದು ವರ್ಷ, ದಂಡೋತಿಯ ರೈತ. ಜೊತೆಗಿದ್ದವರು ತಮ್ಮ ಹಣಮಂತ, ಅರವತ್ತಮೂರು, ಚಿತ್ತಾಪುರದ ಒಂದು ಕಚೇರಿಯಲ್ಲಿ ಅಟೆಂಡರ್ ಆಗಿ ನಿವೃತ್ತರಾದವರು. ಇಬ್ಬರೂ ಸಮುದ್ರ ಕಂಡವರಲ್ಲ. ಸೇಡಂನಲ್ಲಿ ಶಿಕ್ಷಕಿಯಾಗಿರುವ ಮರೆಪ್ಪನವರ ಮಗಳು ಅಪ್ಪನಿಗೂ ಚಿಕ್ಕಪ್ಪನಿಗೂ ಟಿಕೆಟ್ ಮಾಡಿಸಿ, ಮುಂಬೈವರೆಗೆ ಬಂದು ಹಡಗು ಹತ್ತಿಸಿ ಹೋಗಿದ್ದಳು. ತಂದೆ ಬೇಗ ತೀರಿಕೊಂಡ ಮನೆ ಅದು. ಕಾಗಿಣಾ ಹೊಳೆ ತುಂಬಿ ಬಂದಾಗ ಮರೆಪ್ಪ ತಮ್ಮನನ್ನು ಹೆಗಲ ಮೇಲೆ ಹೊತ್ತು ದಾಟಿಸಿ ಶಾಲೆಗೆ ಬಿಟ್ಟು ಬರುತ್ತಿದ್ದರಂತೆ. ಈ ಮಾತು ಹೇಳಿದ್ದು ಹಣಮಂತ. ಮರೆಪ್ಪ ಅಷ್ಟರಲ್ಲಿ ಬಾಲ್ಕನಿಗೆ ಹೋಗಿ ನೀರು ನೋಡುತ್ತ ನಿಂತಿದ್ದರು.

"ಬೀಡಿ ಎಲ್ಲಿ ಸೇದಬೇಕಪಾ?" ಎಂದು ಮರೆಪ್ಪ ಕೇಳಿದರು. ಕಾನೂನೆಲ್ಲ ಬಿಡಿಸಿ ಹೇಳಿ, ಹನ್ನೊಂದನೇ ಡೆಕ್ಕಿನ ಜಾಗ ತೋರಿಸಲು ಇಬ್ಬರನ್ನೂ ಕರೆದುಕೊಂಡು ಹೊರಟೆ. "ನಾ ಸೇದಲ್ರಿ" ಎಂದರು ಹಣಮಂತ, ನಾನು ಕೇಳದಿದ್ದರೂ. ಮರಳಿ ಬಂದಾಗ ಹಣಮಂತ ಮೊದಲು ಒಳಗೆ ಹೋದರು. ಮರೆಪ್ಪ ಹಿಂದೆ ಉಳಿದು, ತೆರೆದೇ ಇದ್ದ ಬಾಗಿಲ ಹೊರಗೆ ಎರಡು ಸಲ ಜೋರಾಗಿ ಕೆಮ್ಮಿ ಆಮೇಲೆ ಕಾಲಿಟ್ಟರು. ಬೀಡಿಯ ಕೆಮ್ಮು ಎಂದುಕೊಂಡೆ.

ಮರುದಿನ ಹೊತ್ತಿಗೆ ಹನ್ನೊಂದನೇ ಡೆಕ್ಕಿನಲ್ಲಿ ಮರೆಪ್ಪನವರದೇ ದರ್ಬಾರು. ಸಮುದ್ರದ ಗಾಳಿಗೆ ಸಾಹುಕಾರರ ಲೈಟರುಗಳು ಆರಿಹೋಗುತ್ತಿದ್ದವು. ಮರೆಪ್ಪ ಎರಡು ಅಂಗೈ ಮರೆ ಮಾಡಿ ಕಡ್ಡಿ ಗೀರಿದರೆ ಒಂದೇ ಸಲಕ್ಕೆ ಹೊತ್ತಿಕೊಳ್ಳುತ್ತಿತ್ತು. ಬೇಸಿಗೆಯ ಹೊಲದಲ್ಲಿ ಕಲಿತ ವಿದ್ಯೆ. ಭಾಷೆ ಬಾರದವರೂ ಸಾಲಾಗಿ ಬಂದು ಅವರ ಅಂಗೈ ಮುಂದೆ ತಲೆ ಬಗ್ಗಿಸಿ ಬೆಂಕಿ ಪಡೆದು ಹೋಗುತ್ತಿದ್ದರು. ಬೆಳಗಿನ ಚಹಾದಿಂದ ಊಟದ ತನಕ, ಊಟದಿಂದ ಸಂಜೆ ತನಕ ಅವರು ಅಲ್ಲಿಯೇ.

ಅದೇ ದಿನ ಹನ್ನೊಂದು ಗಂಟೆಗೆ ಕ್ಯಾಬಿನ್ ತಪಾಸಣೆಗೆಂದು ಹೋದೆ. ಬಾಲ್ಕನಿಯ ಕುರ್ಚಿಯ ಕಾಲ ಹತ್ತಿರ ಒಂದು ಮೋಟು ಬೀಡಿ ಬಿದ್ದಿತ್ತು. ಗುಲಾಬಿ ದಾರದ ಬೀಡಿ. ಹಣಮಂತ ಮಂಚದ ಮೇಲೆ ಕುಳಿತಿದ್ದರು. ನಾನು ತುಂಡನ್ನು ಎತ್ತಿ ಹಿಡಿದೆ. ಅವರ ಮುಖ ಸಣ್ಣಗಾಯಿತು.

"ಕಾಕಾ, ಮ್ಯಾಲ ಜಾಗ ತೋರಿಸೀನಲ್ರಿ?"

"ಅಲ್ಲಿ ಅಣ್ಣ ಕುಂತಾನಪಾ. ಅಣ್ಣನ ಮುಂದ ಹ್ಯಾಂಗ ಸೇದ್ಲಿ? ಅವಂಗ ಗೊತ್ತಿಲ್ಲ."

"ಎಷ್ಟು ವರ್ಷದಿಂದ ಸೇದಾಕತ್ತೀರಿ?"

"ನಲವತ್ತೈದು."

ಮೊಮ್ಮಕ್ಕಳನ್ನು ಕಂಡ ಮನುಷ್ಯ, ಶಾಲೆಯ ಹುಡುಗನ ಹಾಗೆ ತಲೆ ತಗ್ಗಿಸಿದ್ದರು. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಹಿರಿಯರ ಮುಂದೆ ಸೇದುವುದಿಲ್ಲ, ಅಷ್ಟೇ. ನಾನೂ ವಾಡಿಯ ಗೂಡ್ಸ್ ಶೆಡ್ಡಿನ ಹಿಂದೆ ಅಣ್ಣನ ಕಣ್ಣು ತಪ್ಪಿಸಿ ಸಿಗರೇಟು ಸೇದಿದವನೇ. ಆ ನೆನಪೇ ನನ್ನ ಕೈ ಕಟ್ಟಿತು. ನಿಯಮದ ಪ್ರಕಾರ ಆ ತುಂಡನ್ನು ಚೀಲಕ್ಕೆ ಹಾಕಿ, ವೇಳೆ ಬರೆದು, ಸೆಕ್ಯುರಿಟಿಗೆ ಒಪ್ಪಿಸಬೇಕಿತ್ತು. ನಾನು ಕಮೋಡಿಗೆ ಹಾಕಿ ನೀರು ಬಿಟ್ಟೆ. ಅಣ್ಣ ಊಟಕ್ಕೆ ಕುಳಿತಾಗ ಮೇಲೆ ಹೋಗಿ ಬನ್ನಿ ಎಂದು ಹೇಳಿ ಬಂದೆ. ಬುದ್ಧಿವಂತಿಕೆ ತೋರಿಸಿದೆ ಎಂದುಕೊಂಡಿದ್ದೆ. ಆದರೆ ಮರೆಪ್ಪ ತಮ್ಮನನ್ನು ಬಿಟ್ಟು ಒಂದು ತುತ್ತೂ ಉಣ್ಣುವವರಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಮೂರನೇ ದಿನ ಮಧ್ಯಾಹ್ನ ಮೂರು ಐವತ್ತೈದಕ್ಕೆ ನನ್ನ ವಾಕಿಟಾಕಿ ಕೂಗಿತು. ಏಳನೇ ಡೆಕ್ಕಿನ ಒಂದು ಬಾಲ್ಕನಿಯಲ್ಲಿ ಹೊಗೆ. ನಾನು ಓಡಿ ಹೋಗುವಷ್ಟರಲ್ಲಿ ಆ ಕ್ಯಾಬಿನ್ನಿನ ಹೆಂಗಸು ಜಗ್ಗಿನ ನೀರು ಸುರಿದು ಆರಿಸಿದ್ದರು. ಕುರ್ಚಿಯ ಮೇಲೆ ಒಣಗಿಸಿದ್ದ ಟವೆಲ್ಲಿನಲ್ಲಿ ಅಂಗೈ ಅಗಲದ ತೂತು. ಪಕ್ಕದ ಕುರ್ಚಿಯಲ್ಲಿ ಅವರ ಎರಡು ವರ್ಷದ ಮಗು ಮಲಗಿತ್ತು, ಎಚ್ಚರವೂ ಆಗಿರಲಿಲ್ಲ. ಟವೆಲ್ಲಿನ ಮಡಿಕೆಯಲ್ಲಿ ಗುಲಾಬಿ ದಾರದ ಒಂದು ಮೋಟು ಬೀಡಿ. ಹಿಂದಿನ ದಿನ ನಾನು ಬರೆದಿದ್ದರೆ ಈ ಬೀಡಿ ಬೀಳುತ್ತಿರಲಿಲ್ಲ.

ಸೆಕ್ಯುರಿಟಿ ಆಫೀಸರ್ ಅರ್ಧ ಗಂಟೆಯಲ್ಲಿ ಮರೆಪ್ಪನವರನ್ನು ಕರೆಸಿದ. ಇಡೀ ಹಡಗಿನಲ್ಲಿ ಬೀಡಿಯವರೆಂದರೆ ಅವರೇ ಎಂದು ಎಲ್ಲರಿಗೂ ಗೊತ್ತಿತ್ತು. ಹಣಮಂತ ಅಣ್ಣನ ಹಿಂದೆಯೇ ಬಂದು ಗೋಡೆಗೆ ಒರಗಿ ನಿಂತರು. ಮಾತು ತಿಳಿಸಿ ಹೇಳಲು ನಾನು. ಮರುದಿನ ಬೆಳಿಗ್ಗೆ ಕೊಚ್ಚಿ. ಅಪರಾಧಿಯನ್ನು ಅಲ್ಲಿಯೇ ಇಳಿಸುವುದೆಂದು ಆಫೀಸರ್ ಮೊದಲೇ ಹೇಳಿದ. ಇಬ್ಬರಿಗೂ ಊರಿನ ಭಾಷೆ ಬಿಟ್ಟರೆ ಬೇರೆ ಬರುವುದಿಲ್ಲ, ಅಲ್ಲಿ ಒಬ್ಬರನ್ನು ಇಳಿಸಿದರೆ ಇನ್ನೊಬ್ಬರ ಗತಿ ಏನು ಎಂದು ನನಗೆ ಚಿಂತೆಯಾಯಿತು.

ಆಫೀಸರ್ ತುಂಡನ್ನು ಮೇಜಿನ ಮೇಲಿಟ್ಟ. ಮರೆಪ್ಪ ಅದನ್ನು ನೋಡಿದರು, ತಮ್ಮನ ಕಡೆ ತಿರುಗಲಿಲ್ಲ.

"ನಂದೇ. ಬರಕೋಳ್ರಿ."

ನಾನು ಅದನ್ನು ಇಂಗ್ಲಿಷಿಗೆ ತಂದೆ. ಆಫೀಸರ್ ನಂಬದೆ ತಲೆಯಾಡಿಸಿದ. ಎಂಟನೇ ಡೆಕ್ಕಿನ ಓಣಿಯ ಕ್ಯಾಮೆರಾದಲ್ಲಿ ಎಲ್ಲವೂ ಇತ್ತು. ತುಂಡು ಬಿದ್ದಿರಬೇಕಾದ ಹೊತ್ತಿಗೆ, ಮೂರು ಐವತ್ತೆರಡಕ್ಕೆ, ಇವರು ಕ್ಯಾಬಿನ್ನಿನ ಮುಚ್ಚಿದ ಬಾಗಿಲ ಹೊರಗೆ ನಿಂತಿದ್ದಾರೆ, ಕೈಯಲ್ಲಿ ಬಾಗಿಲ ಕಾರ್ಡ್ ಇದೆ, ಆದರೂ ಅರ್ಧ ನಿಮಿಷ ಒಳಗೆ ಹೋಗಿಲ್ಲ. ಅಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳು ಎಂದ.

"ಕೆಮ್ಮಾಕತ್ತಿದ್ದೆ" ಎಂದರು ಮರೆಪ್ಪ.

ಆಫೀಸರ್ ನನ್ನ ಮುಖ ನೋಡಿದ. ಆರೋಗ್ಯ ಸರಿಯಿಲ್ಲವೇ ಎಂದ.

"ಜಡ್ಡು ಇಲ್ಲ, ಏನಿಲ್ಲ. ಚಾಕ್ಕ ಕರೀಲಿಕ್ಕ ಬಂದಿದ್ದೆ. ಒಳಗ ತಮ್ಮ ಇದ್ದ. ಕೆಮ್ಮದ ಹ್ಯಾಂಗ ಹೋಗ್ಲಿ?"

ಆಗ ನನಗೆ ಅರ್ಥವಾಯಿತು. ಅದು ಬೀಡಿಯ ಕೆಮ್ಮಲ್ಲ. ಹಿರಿಯ ಬರುತ್ತಿದ್ದಾನೆ, ಕೈಯಲ್ಲಿದ್ದದ್ದನ್ನು ಆರಿಸಿಕೋ ಎಂದು ಕಿರಿಯನಿಗೆ ಕೊಡುವ ಸೂಚನೆ. ನಮ್ಮ ಅಪ್ಪ, ನಮ್ಮ ಕಾಕಾಗಳು ಎಲ್ಲರೂ ಹೀಗೆಯೇ ಕೆಮ್ಮಿ ಒಳಗೆ ಬರುತ್ತಿದ್ದರು. ಇದನ್ನು ಇಂಗ್ಲಿಷಿನಲ್ಲಿ ಹೇಳಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಆಫೀಸರ್ ಪೆನ್ನು ಕೆಳಗಿಟ್ಟ.

ಮರೆಪ್ಪ ತಾವಾಗಿಯೇ ಮುಂದುವರಿಸಿದರು. "ಊರಾಗಾದ್ರ ನಾ ಕೆಮ್ಮಿದ ಕೂಡ್ಲೇ ನೆಲಕ್ಕ ಹಾಕಿ ಕಾಲಾಗ ತಿಕ್ಕತಾನ. ಇಲ್ಲಿ ನೆಲ ಎಲ್ಲದ? ಗಾಬರಿಯಾಗಿ ನೀರಿಗಿ ಒಗದಾನ. ನಾ ಕೆಮ್ಮಬಾರದಿತ್ತು. ಅದಕ್ಕ ತಪ್ಪು ನಂದು ಅಂದೆ."

ಹಣಮಂತ ಗೋಡೆ ಬಿಟ್ಟು ಮುಂದೆ ಬಂದರು. "ಅಣ್ಣಾ, ನಿನಗ ಗೊತ್ತಿತ್ತಾ?"

"ನಿನ್ನ ಲಗ್ನಕ್ಕಿಂತ ಮುಂಚಿಂದ ಗೊತ್ತದ."

ಹಣಮಂತನವರ ಕಣ್ಣು ತುಂಬಿ ಬಂದವು. ಮೇಜಿನ ಹತ್ತಿರ ಬಂದು, ಎರಡೂ ಕೈ ಜೋಡಿಸಿ ಹೇಳಿದರು: "ಬೀಡಿ ನಂದ್ರಿ ಸಾಹೇಬ್ರ. ನನ್ನ ಇಳಸ್ರಿ. ಅಣ್ಣಗ ಏನೂ ಅನಬ್ಯಾಡ್ರಿ."

ನಲವತ್ತೈದು ವರ್ಷ ಮುಚ್ಚಿಟ್ಟಿದ್ದನ್ನು ಆ ಮನುಷ್ಯ ಅಣ್ಣನ ಎದುರಿಗೇ ಒಪ್ಪಿಕೊಂಡಿದ್ದರು. ನಾನೊಬ್ಬ ಬಾಯಿ ಮುಚ್ಚಿಕೊಂಡು ನಿಂತಿರುವುದಕ್ಕೆ ನನಗೇ ನಾಚಿಕೆಯಾಯಿತು. ಅವರ ಮಾತನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ ಮೇಲೆ, ನಿನ್ನೆಯೇ ಒಂದು ತುಂಡು ಸಿಕ್ಕಿತ್ತು, ನಾನು ಬರೆಯಲಿಲ್ಲ ಎಂದು ನನ್ನದನ್ನೂ ಸೇರಿಸಿದೆ.

ವಿಷಯ ಕ್ಯಾಪ್ಟನ್‌ವರೆಗೆ ಹೋಯಿತು. ಹಣಮಂತನವರಿಗೆ ದಂಡ, ಲಿಖಿತ ಎಚ್ಚರಿಕೆ, ಮುಂಬೈ ಮುಟ್ಟುವ ತನಕ ಅವರ ಬೀಡಿ ಕಟ್ಟು ಸೆಕ್ಯುರಿಟಿಯ ಕಪಾಟಿನಲ್ಲಿ. ಆದರೆ ಯಾರನ್ನೂ ಇಳಿಸಲಿಲ್ಲ. ನನಗೂ ಒಂದು ಎಚ್ಚರಿಕೆ ಪತ್ರ ಬಂತು, ಅಷ್ಟು ವರ್ಷದ ನೌಕರಿಯಲ್ಲಿ ಅದೊಂದೇ. ಆ ವರ್ಷ ಬರಬೇಕಿದ್ದ ಬಡ್ತಿ ಬರಲಿಲ್ಲ. ಅದರ ಬಗ್ಗೆ ನನಗೆ ಸಿಟ್ಟಿಲ್ಲ, ಮಲಗಿದ್ದ ಆ ಮಗು ಈಗಲೂ ಕಣ್ಣ ಮುಂದೆ ಬರುತ್ತದೆ.

ಕೊಚ್ಚಿಯಿಂದ ಮರಳುವ ದಿನ ಹನ್ನೊಂದನೇ ಡೆಕ್ಕಿಗೆ ಹೋದೆ. ಅಣ್ಣತಮ್ಮಂದಿರು ಅಕ್ಕಪಕ್ಕ ಕುಳಿತಿದ್ದರು. ಮರೆಪ್ಪ ಸೇದುತ್ತಿದ್ದ ಬೀಡಿ ಮುಗಿಸಿದರು. ಜೇಬಿನಿಂದ ಇನ್ನೊಂದು ತೆಗೆದು, ಕಡ್ಡಿಪೆಟ್ಟಿಗೆಯ ಜೊತೆ ತಾವು ಕುಳಿತಿದ್ದ ಕುರ್ಚಿಯ ಮೇಲಿಟ್ಟು ಎದ್ದರು.

"ಚಾ ಕುಡದು ಬರ್ತೀನಿ. ಹತ್ತು ಮಿನಿಟ್ ಆಗ್ತದ" ಎಂದು ಯಾರ ಮುಖವನ್ನೂ ನೋಡದೆ ಹೇಳಿ ಹೊರಟರು.

ಹಣಮಂತ ಅಂಗೈ ಮರೆ ಮಾಡಿ ಕಡ್ಡಿ ಗೀರಿದರು. ಅವರಿಗೂ ಒಂದೇ ಸಲಕ್ಕೆ ಹೊತ್ತಿತು. ಸ್ವಲ್ಪ ಹೊತ್ತಿನ ಮೇಲೆ ಮೆಟ್ಟಿಲಿನ ಕಡೆಯಿಂದ ಎರಡು ಸಲ ಕೆಮ್ಮು ಕೇಳಿತು. ಅವರು ಅವಸರ ಮಾಡಲಿಲ್ಲ. ಮರಳಿನ ಬಟ್ಟಲಿನಲ್ಲಿ ತುಂಡನ್ನು ಒತ್ತಿ ಆರಿಸಿ, ಕೈ ಒರೆಸಿಕೊಂಡು, ಸಮುದ್ರ ನೋಡುತ್ತ ಕುಳಿತರು.

ಆಮೇಲೆ ನಾನು ಹೊಸ ಪ್ರಯಾಣಿಕರಿಗೆ ಸೇದುವ ಜಾಗ ತೋರಿಸುವಾಗ, ಜೊತೆಗೆ ಯಾರು ಬಂದಿದ್ದಾರೆ, ಅವರ ಮುಂದೆ ಸೇದುತ್ತೀರಾ ಎಂದೂ ಕೇಳತೊಡಗಿದೆ. ನಕ್ಕವರಿದ್ದಾರೆ, ನಿಟ್ಟುಸಿರು ಬಿಟ್ಟು ಉತ್ತರ ಕೊಟ್ಟವರೂ ಇದ್ದಾರೆ. ಮನುಷ್ಯನ ಮರ್ಯಾದೆಗೆ ಜಾಗ ಬಿಡದ ಕಾನೂನನ್ನು ಮನುಷ್ಯ ಕದ್ದು ಮುರಿಯುತ್ತಾನೆ, ಅದನ್ನು ನೋಡಿ ಸುಮ್ಮನಿದ್ದವನೂ ಕಳ್ಳನೇ. ನನ್ನ ನೌಕರಿ ನನಗೆ ಕಲಿಸಿದ್ದು ಇಷ್ಟು.

ಹಡಗು ಬಿಟ್ಟು ಈಗ ಎರಡು ವರ್ಷ. ವಾಡಿಯಲ್ಲೇ ಸಣ್ಣ ಮನೆ, ಶಹಾಬಾದ್ ಕಲ್ಲಿನ ನೆಲ, ಹತ್ತಿರದಲ್ಲೇ ರೈಲಿನ ಸದ್ದು. ಸಿಗರೇಟು ಬಿಟ್ಟು ಹದಿನಾಲ್ಕು ವರ್ಷವಾಯಿತು. ನನ್ನ ಅಣ್ಣ ಎರಡು ಓಣಿ ಆಚೆ ಇದ್ದಾನೆ, ದಿನಾ ಸಂಜೆ ಬರುತ್ತಾನೆ. ಗೇಟಿನ ಹತ್ತಿರ ನಿಂತು ಎರಡು ಸಲ ಕೆಮ್ಮುತ್ತಾನೆ, ತುಸು ತಡೆದು ಒಳಗೆ ಬರುತ್ತಾನೆ. ನಾನು ಬಿಟ್ಟಿದ್ದೇನೆ ಎಂದು ಅವನಿಗೆ ಹೇಳಬೇಕು. ಹೇಳಬೇಕೆಂದರೆ, ಸೇದುತ್ತಿದ್ದೆ ಎಂದು ಮೊದಲು ಹೇಳಬೇಕು. ಇನ್ನೂ ಹೇಳಿಲ್ಲ. ಹೇಳಿದರೆ ಆ ಕೆಮ್ಮು ನಿಂತುಹೋಗುತ್ತದೆ.