ಬೆಳಕು ಗಂಡೋ ಹೆಣ್ಣೋ

ಬೆಳಗ್ಗೆ ಏಳುವಾಗಲೇ ಮೂಗಿಗೆ ಚರ್ಮ ಕಾದ ವಾಸನೆ ಬಡಿಯಿತು. ನಿಮ್ಮ ಮನೆಯಲ್ಲಾಗಿದ್ದರೆ ಯಾರೋ ಚಪ್ಪಲಿಯನ್ನು ಒಲೆಗೆ ಬೀಳಿಸಿದರೆಂದು ನೀವು ಓಡಿ ಬರುತ್ತಿದ್ದಿರಿ. ನಮ್ಮ ಮನೆಯಲ್ಲಿ ಅದರ ಅರ್ಥ ಬೇರೆ. ದೊಡ್ಡವ್ವ ಕೆಂಡದ ಮೇಲೆ ತನ್ನ ಬಡಿಯುವ ವಾದ್ಯ ದಪ್ಪು ಹಿಡಿದು ಕಾಯಿಸುತ್ತಿದ್ದಾಳೆ, ಇನ್ನೇನು ಹಾಡು ಶುರು. ಕಾದರೆ ಚರ್ಮ ಬಿಗಿದು ದನಿ ಏರುತ್ತದೆಯಂತೆ. ನನ್ನನ್ನೂ ಚಿಕ್ಕಂದಿನಲ್ಲಿ ಹೀಗೆ ಕಾಯಿಸಿದ್ದರೆ ಏನಾದರೂ ದನಿ ಬರುತ್ತಿತ್ತೇನೋ. ಮನೆಯವರು ಬರೀ ಬೈದು ಬಿಟ್ಟುಬಿಟ್ಟರು.

ದೊಡ್ಡವ್ವ ಎಂದರೆ ತುಕ್ಕಾನಟ್ಟಿಯ ಬಾಳವ್ವ, ನಮ್ಮವ್ವನ ಅಕ್ಕ, ಗೀಗೀ ಪದದ ನಾಗೇಶಿ. ನೀವು ಗೀಗೀ ಹಾಡಕಿ ಕೇಳಿಲ್ಲದಿದ್ದರೆ ಇಷ್ಟು ತಿಳಿದುಕೊಳ್ಳಿ: ಎರಡು ಮೇಳ ಎದುರುಬದುರು ಕೂರುತ್ತವೆ. ಹರದೇಶಿ ಮೇಳ ಗಂಡೇ ದೊಡ್ಡದು ಎಂದು ಹಾಡಿ ಸವಾಲು ಹಾಕುತ್ತದೆ. ನಾಗೇಶಿ ಮೇಳ ಹೆಣ್ಣೇ ದೊಡ್ಡದು ಎಂದು ಕೂಡಲೇ ಹಾಡಿನಲ್ಲೇ ಜವಾಬು ಕೊಡಬೇಕು. ತಡವಾದರೆ ಸೋತಂತೆ. ದೊಡ್ಡವ್ವನ ಎದುರಾಳಿ ಹುಕ್ಕೇರಿ ಕಡೆಯ ಭೀಮಪ್ಪ ಕಾಕಾ. ಅವರಿಬ್ಬರ ಜಗಳಕ್ಕೆ ನನಗಿಂತ ಹೆಚ್ಚು ವಯಸ್ಸಾಗಿದೆ, ಬುದ್ಧಿಯೂ ಹೆಚ್ಚಿದೆ.

ಒಂದು ವರ್ಷ ದೊಡ್ಡವ್ವ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡಳು. ಇನ್ನು ಟೆಂಪೋ ಹತ್ತುವ ಹಾಗಿಲ್ಲ ಎಂದು ಗೋಕಾಕದ ಡಾಕ್ಟರು ಹೇಳಿಬಿಟ್ಟರು. ಹುಕ್ಕೇರಿ ಕಡೆ ಹಾಡಕಿ ನಡೆಸುವ ಹಿರಿಯರು, ನಾಗೇಶಿ ಇಲ್ಲವೆಂದರೆ ಗೀಗೀ ನಿಲ್ಲಿಸಿ ಆರ್ಕೆಸ್ಟ್ರಾ ಕರೆಸುತ್ತೇವೆ ಎಂದರು. ದೊಡ್ಡವ್ವನಿಗಿಂತ ಹೆಚ್ಚು ಗಾಬರಿಯಾದದ್ದು ಭೀಮಪ್ಪ ಕಾಕಾನಿಗೆ.

"ಬಾಳವ್ವಾ, ಎದುರಿಗಿ ನೀ ಇಲ್ದಿದ್ರ ನಾ ಯಾರ ಕೂಡ ಜಗಳಾಡ್ಲಿ? ಗ್ವಾಡಿ ಕೂಡ?" ಎಂದು ಫೋನಿನಲ್ಲಿ ಗೋಗರೆದ.

ಆಗ ನಡುವೆ ನಾನು ತಲೆ ಹಾಕಿದೆ. "ಫೋನಿನ್ಯಾಗ ಹಾಡ್ರಿ. ಅವ್ರು ಅಲ್ಲಿ ಪಡದೆದ ಮ್ಯಾಲ ನೋಡ್ತಾರ. ನಾ ಇದ್ದೀನಲ್ಲ!" ಮೂಡಲಗಿಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದವನು ನಾನು. ಹೆಚ್ಚಿನ ಪಾಠವನ್ನು ಎದುರಿನ ಚಹಾ ಅಂಗಡಿಯಲ್ಲೇ ಕಲಿತೆ, ಅದು ಬೇರೆ ಮಾತು.

ನಮ್ಮಲ್ಲಿ ಮೊಬೈಲಿಗೆ ರೇಂಜ್ ಸಿಗುತ್ತಿದ್ದುದು ಒಂದೇ ಜಾಗದಲ್ಲಿ, ಹಿತ್ತಲಿನ ತಿಪ್ಪೆಯ ಪಕ್ಕ. ದೊಡ್ಡವ್ವನನ್ನು ಹೊರಸಿನ ಸಮೇತ ಹೊತ್ತು ತಂದು ಅಲ್ಲಿಟ್ಟೆವು. ಮೇಳದ ಹೆಂಗಸರು ಸೆರಗು ಮೂಗಿಗೆ ಹಿಡಿದುಕೊಂಡೇ ಕೂತರು. ನಾನು ಫೋನನ್ನು ಕಬ್ಬಿನ ಗಳಕ್ಕೆ ಕಟ್ಟಿ ಎತ್ತಿ ಹಿಡಿದೆ. ಎಮ್ಮೆ ಹಿಂದಿನಿಂದ ಬಂದು ಗಳವನ್ನು ಬುಡದಿಂದ ತಿನ್ನತೊಡಗಿತು. ನಮ್ಮ ತಾಂತ್ರಿಕ ವಿಭಾಗದ ಪರಿಸ್ಥಿತಿ ಇದು.

ಭೀಮಪ್ಪ ಕಾಕಾನ ಸವಾಲು ಚೂರುಚೂರಾಗಿ ಬಂತು. ದೊಡ್ಡವ್ವ ಚಕ್ಕನೆ ಜವಾಬು ಹಾಡಿದಳು. ಅದು ಹುಕ್ಕೇರಿ ತಲುಪುವ ಹೊತ್ತಿಗೆ ಕಾಕಾ ಮುಂದಿನ ಸವಾಲಿಗೆ ಹೋಗಿದ್ದ. ಅಲ್ಲಿನ ಜನಕ್ಕೆ ಕಂಡದ್ದು ಬಾಯಿ ತೆರೆದಂತೆಯೇ ಫೋಟೋದ ಹಾಗೆ ಸ್ಥಿರವಾದ ದೊಡ್ಡವ್ವ, ಹಿನ್ನೆಲೆಯಲ್ಲಿ ಸಗಣಿ. ಎಲ್ಲರೂ ನಕ್ಕರು. "ತುಕ್ಕಾನಟ್ಟಿಯವ್ರ ಬಾಯಿ ಬಂದ್ ಆತು!" ಎಂದು ಯಾರೋ ಮೈಕಿನಲ್ಲಿ ಕೂಗಿದರು. ಆ ಮಾತೊಂದು ಮಾತ್ರ ನಮಗೆ ಒಂದಕ್ಷರವೂ ಬಿಡದೆ ಸ್ಪಷ್ಟವಾಗಿ ಕೇಳಿಸಿತು.

ಹೊರಸು ಒಳಗೆ ಹೊತ್ತು ತರುವಾಗ ದೊಡ್ಡವ್ವ ಮೆಲ್ಲಗೆ ಅಂದಳು, "ನನ್ನ ಕಡೆ ಜವಾಬ್ ಇತ್ತೋ."

"ಇತ್ತು ದೊಡ್ಡವ್ವಾ. ಮುಟ್ಟಲಿಲ್ಲ."

"ಮುಟ್ಟದಿದ್ರ ಇದ್ದೂ ಏನ್ ಮಾಡೂದು?"

ದಪ್ಪು ಗೂಟಕ್ಕೆ ಹೋಯಿತು. ಭೀಮಪ್ಪ ಕಾಕಾ ಹಿರಿಯರ ಕೈಕಾಲು ಹಿಡಿದು ಇನ್ನೊಂದು ವರ್ಷದ ಅವಕಾಶ ಕೇಳಿಕೊಂಡ. ಅದೇ ಕೊನೆಯದು.

ಆ ವರ್ಷ ಊರಿಗೆ ಫೈಬರ್ ಇಂಟರ್‌ನೆಟ್ ಬಂತು. ಪಂಚಾಯ್ತಿ ಕಟ್ಟಡದವರೆಗೆ ಬಂದು ಮಲಗಿದ್ದ ವಾಯರ್ ಕಬ್ಬಿನ ಹೊಲದ ಬದಿಯ ಕಂಬ ಹತ್ತಿ ಮನೆಮನೆಗೆ ಇಳಿಯಿತು. ಹೆಸರು ಕೊಡುವ ಸಾಲಿನಲ್ಲಿ ನಾನೇ ಮೊದಲಿಗ, ಹಲ್ಲುಜ್ಜದೆ ಹೋಗಿದ್ದೆ.

"ಒಳಗ ಗಾಜಿನ ಎಳಿ ಐತಿ ದೊಡ್ಡವ್ವಾ. ಅದರಾಗ ಬೆಳಕು ಓಡ್ತೈತಿ."

"ಗಾಜು? ಅದನ್ನ ತಂದು ನಿನ್ನ ಕೈಯಾಗ ಕೊಟ್ಟಾರ?" ಎಂದು ಆಕೆ ಹಣೆ ಚಚ್ಚಿಕೊಂಡಳು.

ಹಾಡಕಿಯ ದಿನ ನಮ್ಮ ಪಡಸಾಲೆ ತುಂಬಿತ್ತು. ಟಿವಿಗೆ ಕ್ಯಾಮೆರಾ ಸಿಕ್ಕಿಸಿದ್ದೆವು. ಟಿವಿಯಲ್ಲಿ ಹುಕ್ಕೇರಿ ಕಡೆಯ ಚಪ್ಪರ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ ಭೀಮಪ್ಪ ಕಾಕಾನ ಗಲ್ಲದ ನರೂಲಿಯನ್ನೂ ನೋಡಬಹುದಿತ್ತು. ಎಲ್ಲ ಸರಿಯಾಗಿತ್ತು. ಎಲ್ಲ ಸರಿಯಾಗಿದ್ದರೆ ನನಗೆ ಕೈ ತುರಿಸುತ್ತದೆ. ಹೆಚ್ಚಾದ ವಾಯರ್ ನೆಲದ ಮೇಲೆ ಬಿದ್ದಿತ್ತು, ಯಾರಾದರೂ ಎಡವಿಯಾರು ಎನ್ನಿಸಿತು. ಅದನ್ನು ಎಳೆದು ಮಡಚಿ, ಕಿಟಕಿಯ ಸರಳಿಗೆ ಬಿಗಿಯಾಗಿ ಗಂಟು ಹಾಕಿದೆ. ವಾಯರ್ ಸೇರುವ ಡಬ್ಬಿಯಲ್ಲಿ ಕೆಂಪು ದೀಪ. ಟಿವಿ ಕಪ್ಪಾಯಿತು. ಅಲ್ಲಿ ಕಾಕಾ ಮೊದಲ ಸವಾಲಿಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ.

ತಿಪ್ಪೆಗೆ ಓಡಿ ಲೈನ್‌ಮನ್‌ಗೆ ಫೋನ್ ಹಚ್ಚಿದೆ. "ಅಣ್ಣಾ, ನಿಮ್ಮ ವಾಯರ್ ಸುಮಾರ ಐತ್ರಿ!"

"ಎಲ್ಲೆರ ಮಡಚೈತೇನ ನೋಡ್ರಿ."

"ಮಡಚಿಲ್ರಿ, ಗಂಟ್ ಹಾಕೇನಿ."

"ಎಂಥಾ ಗಂಟ್ರಿ?"

"ಎಮ್ಮಿ ಕಟ್ಟೂದು."

"ಕೈ ಮುಗೀತೀನಿ, ಬಿಚ್ರೀ! ಅಷ್ಟ ಸೊಟ್ಟ ಹಾದಿಯಾಗ ಬೆಳಕ ಹೋಗೂದಿಲ್ರಿ!"

"ಸೊಟ್ಟ ಹಾದಿಯಾಗ ಬೆಳಕ ಹೋಗೂದಿಲ್ಲಂತ!" ಎಂದು ಹಿತ್ತಲಿಂದ ಪಡಸಾಲೆಯವರೆಗೆ ಕೂಗುತ್ತಲೇ ಬಂದೆ. ದೊಡ್ಡವ್ವ ನನ್ನನ್ನು ನೋಡಿದ ನೋಟಕ್ಕೆ ದಪ್ಪು ಕಾಯಿಸಬಹುದಿತ್ತು. ಮೇಳದ ಹೆಂಗಸರೆಲ್ಲ ಸೇರಿ ಗಂಟು ಬಿಚ್ಚಿದರು. ಪುಣ್ಯಕ್ಕೆ ಎಳೆ ಮುರಿದಿರಲಿಲ್ಲ. ಹಸಿರು ದೀಪ ಬಂತು, ಕಾಕಾನ ನರೂಲಿಯೂ ಬಂತು.

ಆಮೇಲೆ ನಡೆದದ್ದು ಹಾಡಕಿ ಅಲ್ಲ, ಕುಸ್ತಿ. ಕಾಕಾನ ಬಾಯಿಂದ ಸವಾಲು ಹೊರಬಿದ್ದರೆ ಸಾಕು, ದೊಡ್ಡವ್ವನ ದಪ್ಪು ಗುಡುಗುತ್ತಿತ್ತು. ಕೊನೆಗೆ ಕಾಕಾ ಮೀಸೆಯಲ್ಲೇ ನಕ್ಕು, ಹೊಸದಾಗಿ ಕಟ್ಟಿಟ್ಟುಕೊಂಡಿದ್ದ ಸವಾಲು ತೆಗೆದ.

"ಗಾಜಿನೆಳಿಯಾಗ ಓಡೂ ಬೆಳಕ ಗಂಡೋ ಹೆಣ್ಣೋ ಹೇಳವ್ವಾ
ಗಂಡಲ್ದ ಇಷ್ಟು ಜೋರ ಓಟ ಯಾರಿಗಿ ಬರತೈತವ್ವಾ?"

ಇದು ಯಾವ ಪುರಾಣದಲ್ಲೂ ಇರದ ಪ್ರಶ್ನೆ. ತಡವಾದರೆ ಹೋದ ವರ್ಷದ ಮಾತೇ ಕೊನೆಯ ಮಾತು, ಮುಂದೆ ಆರ್ಕೆಸ್ಟ್ರಾ. ನನ್ನ ಎದೆ ಹೊಡೆದುಕೊಳ್ಳುವುದು ಹುಕ್ಕೇರಿಗೂ ಕೇಳಿಸಿರಬೇಕು, ವಾಯರ್ ಅಷ್ಟು ಚೆನ್ನಾಗಿತ್ತು. ದೊಡ್ಡವ್ವ ಒಮ್ಮೆ ಕಿಟಕಿ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು, ದಪ್ಪಿಗೆ ಬಡಿದಳು.

"ಬೆಳಕ ಗಂಡಾಗಲಿ, ಬ್ಯಾಡನ್ನೂದಿಲ್ಲೋ ಕಾಕಾ
ಹಾದಿಯವ್ವ ಸೊಟ್ಟಾದ್ರ ಕತ್ತಲ ನಿನ್ನ ಲೋಕಾ!"

"ಗೀಯ ಗೀಯ ಗಾ" ಎಂದು ಮೇಳ ಎತ್ತಿಕೊಂಡಾಗ ಕಾಕಾನ ನಗು ಇನ್ನೂ ತುಟಿಯ ಮೇಲೇ ಇತ್ತು. ಅಷ್ಟು ಬೇಗ ಮುಟ್ಟಿತ್ತು. ಆ ಕಡೆ ಚಪ್ಪರದ ಜನ ಎದ್ದು ನಿಂತು ಶಿಳ್ಳೆ ಹೊಡೆದರು. ಕಾಕಾ ತಲೆಯ ರುಮಾಲು ತೆಗೆದು ಪಡದೆಯ ಮುಂದಿಟ್ಟ.

"ಸೋತ್ನೆವ್ವಾ! ಇದನ್ನ ಯಾವಾಗ ಕಟ್ಟಿದಿ?"

"ಈಗ. ನಮ್ಮ ಮಳ್ಳ ಗಂಟ್ ಹಾಕಿದ ಮ್ಯಾಲ."

ಆರ್ಕೆಸ್ಟ್ರಾದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಆ ಗಂಟನ್ನು ನಾನು ಬೇಕೆಂದೇ ಹಾಕಿದ್ದೆ ಎಂದು ಇಡೀ ಊರಿಗೆ ಹೇಳಿಕೊಂಡು ತಿರುಗಿದೆ. ಎಮ್ಮೆಯೂ ನಂಬಲಿಲ್ಲ.

ಇವತ್ತು ಬೆಳಗ್ಗೆ ಪಡಸಾಲೆಗೆ ಬಂದು ನೋಡಿದರೆ ಟಿವಿಯಲ್ಲಿ ಕೌಜಲಗಿಯ ಇಬ್ಬರು, ಅಂಕಲಗಿಯ ಒಬ್ಬಳು, ಹೊಸ ನಾಗೇಶಿಯರು. ಕಲಿಸುವುದಕ್ಕಾಗಿ ದೊಡ್ಡವ್ವ ಹರದೇಶಿಯಾಗಿ ಸವಾಲು ಹಾಕುತ್ತಿದ್ದಳು. ಕೊನೆಯ ಸಾಲು ಇನ್ನೂ ಬಾಯಲ್ಲಿರುವಾಗಲೇ ಅಂಕಲಗಿಯ ಹುಡುಗಿ ಜವಾಬು ಹಾಡಿಬಿಟ್ಟಳು.

ದೊಡ್ಡವ್ವ ಬೆಚ್ಚಿ ನನ್ನ ಕಡೆ ತಿರುಗಿದಳು. "ಏ, ನಾ ಮುಗಸೂಕಿಂತ ಮೊದಲ ಬಂತಲ್ಲೋ! ವಾಯರ್ ಕೆಟ್ಟೈತೇನ ನೋಡ."

ಟಿವಿಯ ಮುಂದೆ ನಿಂತು ನೋಡಿದೆ. "ವಾಯರ್ ಚಲೋ ಐತಿ ದೊಡ್ಡವ್ವಾ. ಹುಡುಗಿನ ಜೋರ ಅದಾಳ."

ದೊಡ್ಡವ್ವನ ಮುಖ ಅರಳಿತು. ಮುರಿದ ಸೊಂಟವನ್ನೂ ಮರೆತು ನೆಟ್ಟಗೆ ಕೂತಳು.

"ಹಂಗೇನು? ಹಂಗಾದ್ರ ಸರಿಯೋ ಅತ್ತಾಗ! ಆಕಿ ಮಾರಿ ನೋಡ್ಬೇಕ ನಾ, ನಿಂದಲ್ಲ."