ಪುಡಿಯಪ್ಪನ ಉಸಿರು
ಔಷಧದ ಪುಡಿಯನ್ನು ಉಸಿರಿನೊಡನೆ ಎಳೆದುಕೊಳ್ಳುವ ಪುಟ್ಟ ಯಂತ್ರವನ್ನು ಕಂಪ್ಯೂಟರಿನಲ್ಲೇ ಕಟ್ಟಿ, ಕಂಪ್ಯೂಟರಿನಲ್ಲೇ ಸೇದಿ ನೋಡುವ ಎಂಜಿನಿಯರನಿಗೆ ಆಫೀಸಿನವರು ಇಟ್ಟ ಹೆಸರು ಪುಡಿಯಪ್ಪ. ಪರದೆಯ ಮೇಲೆ ಪುಡಿಯ ಕೆಂಪು ಕಣಗಳು ಹೊರಟರೆ ಸಾಕು, ಇವನೂ ಕುರ್ಚಿಯಲ್ಲಿ ಸೆಟೆದು ಕೂತು ಸುರ್ರೆಂದು ಉಸಿರೆಳೆಯುತ್ತಾನೆ; ಪಕ್ಕದ ಮೇಜಿನ ಕಾಗದಗಳು ಹಾರಿಬಂದು ಇವನ ಮೂಗಿಗೆ ಅಂಟುತ್ತವೆಂದು ಪ್ರತೀತಿ. ಕಣಗಳು ಗಂಟಲಿಗೇ ಮೆತ್ತಿಕೊಂಡರೆ, “ಥೂ, ಸೋಮಾರಿಗಳಾ! ಶ್ವಾಸಕೋಶ ಇರೋದು ಕೆಳಗೆ ಕಣ್ರೋ!” ಎಂದು ಪರದೆಯನ್ನೇ ಬೈಯುತ್ತಾನೆ. ಯಾರಾದರೂ ಮುಖಕ್ಕೆ ಪೌಡರ್ ಹಚ್ಚುವುದು ಕಂಡರೂ ನಿಂತು, ಗಾಳಿಗೆ ಹೋದದ್ದೆಷ್ಟೆಂದು ಲೆಕ್ಕ ಹಾಕುತ್ತಾನೆ. ಮೊನ್ನೆ ಯಂತ್ರ ಪಾಸಾಯಿತೆಂದು ಮ್ಯಾನೇಜರ್ ಕೈಕುಲುಕಲು ಬಂದರೆ, “ಪೈಲ್ವಾನರ ಉಸಿರಿಗೆ ಪಾಸಾಗಿದೆ ಸಾರ್. ಪೈಲ್ವಾನರಿಗೆ ಔಷಧ ಯಾಕೆ?” ಎಂದು ಕೈ ಹಿಂದಕ್ಕೆಳೆದುಕೊಂಡ. ಮನೆಗೆ ಹೋಗಿ, ಉಬ್ಬಸದ ಅಕ್ಕನ ಉಸಿರನ್ನು, ಉಸಿರಿನ ಬಲ ಅಳೆಯುವ ಕೊಳವೆಯಲ್ಲಿ ಹಿಡಿದುಕೊಂಡು ಬಂದ. “ನನಗೇ ಸಾಲ್ದು, ಇದರಲ್ಲೂ ನಿಂಗೆ ಪಾಲು ಬೇಕೇನೋ?” ಎಂದು ಅವಳು ಏದುತ್ತಲೇ ನಕ್ಕಿದ್ದಳು. ಕಂಪ್ಯೂಟರಿನಲ್ಲಿ ಆ ಬಡಕಲು ಉಸಿರಿಗೆ ಪುಡಿ ಅಲುಗಲೇ ಇಲ್ಲ. ಯಂತ್ರದ ಗಾಳಿದಾರಿಯನ್ನು ಕಿರಿದು ಮಾಡಿ, ತಿರುಚಿ, ಬೈದು, ಮತ್ತೆ ಮತ್ತೆ ಓಡಿಸಿದ. ಇವತ್ತು ಕೆಂಪು ಕಣಗಳು ಗಂಟಲು ದಾಟಿ ಶ್ವಾಸಕೋಶದ ತುದಿಗೆ ಇಳಿದವು. ಆಫೀಸಿಗೆ ಆಫೀಸೇ ಆ ಸುರ್ರೆಂಬ ಸದ್ದಿಗೆ ಕಾದಿತ್ತು. ಅವನು ಮಾತ್ರ, ಅಕ್ಕ ಎಳೆದಷ್ಟೇ ಮೆಲ್ಲಗೆ ಎಳೆದ.