ಚೆಂಡು ಮುಟ್ಟದವರ ತೂಕ

ಈ ದೇಶಕ್ಕೆ ಬಂದ ಎರಡನೇ ತಿಂಗಳಲ್ಲಿ ಅಪರಿಚಿತನೊಬ್ಬ ನನಗೆ ದಪ್ಪ ಗಂಡಸರನ್ನು ಹುಡುಕಿಕೊಡಿ ಎಂದು ಕೇಳಿದ. ಪೆಟಾಲಿಂಗ್ ಜಯಾದ ನಮ್ಮ ಫ್ಲ್ಯಾಟಿನ ಹಿಂದಿರುವ ಮೈದಾನದ ಬೇಲಿ ಹಿಡಿದು ನಿಂತಿದ್ದೆ. ಭಾನುವಾರದ ಬೆಳಗು. ಒಳಗೆ ಮೂವತ್ತು ಜನ ಹೆಲ್ಮೆಟ್ಟು ಹಾಕಿ, ಭುಜಕ್ಕೆ ಗಟ್ಟಿ ಕವಚ ಕಟ್ಟಿಕೊಂಡು, ಸೀಟಿ ಊದಿದೊಡನೆ ಓಡಿಬಂದು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು. ಮತ್ತೊಂದು ಸೀಟಿಗೆ, ಕೆಡವಿದವನೇ ಬಿದ್ದವನ ಕೈಹಿಡಿದು ಎಬ್ಬಿಸುತ್ತಿದ್ದ. ಮಣಿಪಾಲದಲ್ಲಿ ಹದಿನೆಂಟು ವರ್ಷ ಶರೀರಕ್ರಿಯಾಶಾಸ್ತ್ರ ಕಲಿಸಿ ಬಂದ ನನಗೆ ಮೊದಲು ಚಿಂತೆಯಾದದ್ದು ಅವರ ಕುತ್ತಿಗೆಯ ಮೂಳೆಗಳದ್ದು.

"ಮೇಲಿನ ಮನೆಗೆ ಬಂದ ಡಾಕ್ಟರು ನೀವೇ ಅಲ್ವಾ?" ಎಂದ ಬೇಲಿಯಾಚೆಯಿಂದ ಒಬ್ಬ. ಅಜ್ಲಾನ್, ತಂಡದ ಕೋಚ್. ಅಮೆರಿಕದಲ್ಲಿ ಓದಲು ಹೋಗಿ ಪದವಿಯ ಜೊತೆಗೆ ಈ ಆಟವನ್ನೂ ಹೊತ್ತು ತಂದವನು.

"ಪಾಠ ಮಾಡೋ ಡಾಕ್ಟರು ಅಷ್ಟೇ. ಇಲ್ಲಿ ರೋಗಿಗಳನ್ನು ನೋಡೋ ಅನುಮತಿ ನನಗಿಲ್ಲ."

"ಐಸ್ ಕಟ್ಟೋಕೆ ಅನುಮತಿ ಬೇಡ, ಡಾಕ್. ಒಳಗೆ ಬನ್ನಿ."

ಹೀಗೆ ಒಳಗೆ ಹೋದೆ. ಊರಿನಲ್ಲಿ ಫುಟ್‌ಬಾಲ್ ಎಂದರೆ ಕಾಲಿನ ಆಟ, ಅಮೆರಿಕದ ಈ ಫುಟ್‌ಬಾಲ್ ಅದಲ್ಲ. ಇಲ್ಲಿ ಒಬ್ಬ ಚೆಂಡನ್ನು ಹಿಡಿದು ದೂರಕ್ಕೆ ಎಸೆಯುತ್ತಾನೆ. ಅವನನ್ನು ಕೆಡವಲು ಎದುರಾಳಿಗಳು ನುಗ್ಗಿ ಬರುತ್ತಾರೆ. ಅವರ ದಾರಿಗೆ ಐದು ಜನ ದೊಡ್ಡ ಮೈಯವರು ಗೋಡೆಯಾಗಿ ನಿಲ್ಲುತ್ತಾರೆ. ಇವರಿಗೆ ಲೈನ್‌ಮೆನ್ ಎನ್ನುತ್ತಾರೆ. ನಡುವಿನವನು ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಡುವುದು ಬಿಟ್ಟರೆ ಆಟವಿಡೀ ಈ ಐವರು ಚೆಂಡು ಮುಟ್ಟುವುದಿಲ್ಲ. ಯಾರೂ ಅವರ ಹೆಸರು ಕೂಗುವುದಿಲ್ಲ. ಅವರು ತಪ್ಪಿದರೆ ಮಾತ್ರ ಎಲ್ಲರಿಗೂ ಕಾಣುತ್ತದೆ. ಎಸೆಯಲು, ಹಿಡಿಯಲು ಹುಡುಗರು ಸಾಲುಗಟ್ಟಿ ಬರುತ್ತಾರೆ. ಗೋಡೆಯಾಗಲು ಯಾರೂ ತಾವಾಗಿ ಬರುವುದಿಲ್ಲ, ಹುಡುಕಬೇಕು.

"ಹೊಟ್ಟೆ ನೋಡಬೇಡಿ ಡಾಕ್, ಕಾಲು ನೋಡಿ," ಎಂದ ಅಜ್ಲಾನ್. "ದಪ್ಪ ಇದ್ದೂ ಸದ್ದಿಲ್ಲದೆ ನಡೀತಾನಲ್ಲ, ಅವನು ಬೇಕು."

ಅಂಥವನು ನನ್ನ ಬಾಗಿಲಿಗೇ ಬಂದ. ಗುಣಶೀಲನ್, ಗ್ಯಾಸ್ ಅಂಗಡಿಯವನು, ಮೂವತ್ತರ ಆಸುಪಾಸು. ಲಿಫ್ಟಿಲ್ಲದ ಕಟ್ಟಡದ ನಾಲ್ಕನೇ ಮಹಡಿಗೆ ಎರಡು ಭುಜಕ್ಕೆ ಎರಡು ಸಿಲಿಂಡರ್ ಹೊತ್ತು ಬಂದು, ಒಂದನ್ನು ನನ್ನ ಅಡುಗೆಮನೆಯಲ್ಲಿ ಇಳಿಸಿದ. ಇಳಿಸಿದ್ದು ನನಗೆ ಕೇಳಿಸಲೇ ಇಲ್ಲ. ತಿರುಗಿ ನೋಡಿದರೆ ಸಿಲಿಂಡರ್ ಅಲ್ಲಿತ್ತು, ಅವನು ಬೆವರು ಒರೆಸಿಕೊಳ್ಳುತ್ತಿದ್ದ.

"ತಮ್ಮಾ, ಭಾನುವಾರ ಏನು ಮಾಡ್ತೀಯ?"

"ತಿಂತೀನಿ ಅಕ್ಕಾ. ಮಲಗ್ತೀನಿ."

ನಮ್ಮ ಮಾತಿನಲ್ಲಿ ಅವನ ತಮಿಳು, ನನ್ನ ಮುರುಕು ತಮಿಳು, ನಡುನಡುವೆ ಇಂಗ್ಲಿಷು, ವಾಕ್ಯದ ಕೊನೆಗೆ ಇಲ್ಲಿಯವರ 'ಲಾ' ಎಲ್ಲ ಇರುತ್ತಿದ್ದವು. ಕನ್ನಡದಲ್ಲಿ ಬರೆಯುವಾಗ ಅದರ ಅರ್ಧ ಆಗಲೇ ಕಳೆದುಹೋಗಿರುತ್ತದೆ. ನೆನಪಿಗೂ ಅದೇ ಗತಿ ಎಂದು ಆಗ ನನಗೆ ಹೊಳೆದಿರಲಿಲ್ಲ.

ಹುಡುಕುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ. ಆರು ತಿಂಗಳು ಹೊಡೆತ ತಿಂದು, ಫೋಟೋದಲ್ಲೂ ಕಾಣದೆ, ಲೈನ್‌ಮೆನ್ ಮೆಲ್ಲಗೆ ಬರುವುದನ್ನು ಬಿಡುತ್ತಾರೆ. ಅದಕ್ಕೆ ಅಜ್ಲಾನ್ ಒಂದು ಪದ್ಧತಿ ಮಾಡಿದ್ದ. ಅಭ್ಯಾಸ ಮುಗಿದ ಮೇಲೆ ತಂಡವೆಲ್ಲ ಹತ್ತಿರದ ಮಾಮಾಕ್‌ಗೆ, ಅಂದರೆ ತಮಿಳು ಮುಸ್ಲಿಮರ ಬಯಲು ಹೋಟೆಲಿಗೆ ಹೋಗುತ್ತಿತ್ತು. ಐವರು ಲೈನ್‌ಮೆನ್ ಮೊದಲು ಕೂರಬೇಕು. ಚೆಂಡು ಎಸೆಯುವವರು, ಹಿಡಿಯುವವರು ತಟ್ಟೆ ಹಿಡಿದು ಅವರಿಗೆ ರೊಟ್ಟಿ ಚನಾಯ್, ಮೀನಿನ ಸಾರು ಬಡಿಸಬೇಕು. ಐವರೂ ಸಾಕು ಎಂದ ಮೇಲೆಯೇ ಉಳಿದವರ ಊಟ. ನಮ್ಮ ಮನೆಗಳಲ್ಲಿ ದುಡಿದು ತರುವವನಿಗೆ ಮೊದಲ ತುತ್ತು. ಇಲ್ಲಿ ಪೆಟ್ಟು ತಿಂದವನಿಗೆ. ಮೊದಲ ದಿನ ಗುಣಾ ತಟ್ಟೆಯ ಮುಂದೆ ನಾಚಿಕೊಂಡು ಕೂತಿದ್ದ. "ನಂಗೆ ಯಾರೂ ಹೀಗೆ ಬಡಿಸಿಲ್ಲ ಅಕ್ಕಾ," ಎಂದ. ಆಮೇಲೆ ಹನ್ನೊಂದು ರೊಟ್ಟಿ ತಿಂದ.

ನನಗೂ ಬಡಿಸುತ್ತಿದ್ದರು. ಇದನ್ನು ಬರೆಯಲೇಬೇಕು. ವಾರವಿಡೀ ಕಾಲೇಜಿನಲ್ಲಿ ನಾನು ಒಂದು ಹುದ್ದೆ, ಫ್ಲ್ಯಾಟಿನಲ್ಲಿ ಒಂದು ಬಾಗಿಲ ಸಂಖ್ಯೆ. ಭಾನುವಾರ ಒಂಬತ್ತರಿಂದ ಹನ್ನೆರಡರವರೆಗೆ ಮಾತ್ರ ನನ್ನನ್ನು ಕರೆಯುವವರಿದ್ದರು.

ಆಮೇಲೆ ಸಾಂಕ್ರಾಮಿಕ ಬಂತು, ಮೈದಾನಕ್ಕೆ ಬೀಗ ಬಿತ್ತು. ಓಡಾಟಕ್ಕೆ ಹತ್ತು ಕಿಲೋಮೀಟರಿನ ಮಿತಿ. ಐವರಲ್ಲಿ ಒಬ್ಬ ಕೆಲಸ ಕಳೆದುಕೊಂಡು ಕಡಲಾಚೆಯ ಸಬಾ ರಾಜ್ಯದ ತನ್ನ ಊರಿಗೆ ವಿಮಾನ ಹತ್ತಿದ, ಇನ್ನೊಬ್ಬನ ವೀಸಾ ಮುಗಿಯಿತು. ಮೂವರು ಉಳಿದರು. ಮೂವರೂ ಕೈಬಿಟ್ಟರೆ ತಂಡವೇ ಇಲ್ಲ ಎಂದು ಅಜ್ಲಾನ್ ಕಂಗಾಲಾದ. ಭಾನುವಾರ ಬೆಳಿಗ್ಗೆ ಮೂವರೂ ತೂಕದ ಯಂತ್ರದ ಮೇಲೆ ನಿಂತು ಪಾದದ ಫೋಟೋ ಕಳಿಸಬೇಕು ಎಂದಾಯಿತು. ಅದನ್ನು ಬರೆದಿಡುವ ಕೆಲಸ ನನ್ನದು. ತೂಕ ಇಳಿದವನ ಮನೆಗೆ, ಹತ್ತಿರದಲ್ಲಿದ್ದ ಆಟಗಾರನೊಬ್ಬ ತಪಾವ್, ಅಂದರೆ ಕಟ್ಟಿಸಿದ ಊಟ, ಒಯ್ದು ಬಾಗಿಲಿಗೆ ನೇತುಹಾಕಿ ಬರುತ್ತಿದ್ದ. ಗುಣಾನ ಪಾದದ ಕೆಳಗೆ ನೂರ ಮೂವತ್ತೆಂಟು. ಕೆಲವು ವಾರ ನೂರ ನಲವತ್ತು. ಗುಂಪಿನಲ್ಲಿ ಎಲ್ಲರೂ ಚಪ್ಪಾಳೆಯ ಚಿತ್ರ ಹಾಕುತ್ತಿದ್ದರು. ನಾನೂ ಹಾಕುತ್ತಿದ್ದೆ.

ಸಾಂಕ್ರಾಮಿಕದ ಎರಡನೇ ವರ್ಷ ಅವನು ಸಿಲಿಂಡರ್ ತಂದಾಗ ಮಾಸ್ಕಿನೊಳಗಿಂದ ಕೇಳಿದ: "ಡಾಕ್ಟರಕ್ಕಾ, ಕ್ಲಿನಿಕ್‌ನಲ್ಲಿ ಶುಗರ್ ಇದೆ ಅಂದ್ರು. ಇಪ್ಪತ್ತು ಕಿಲೋ ಇಳಿಸು ಅಂದ್ರು. ಇಳಿಸಲಾ?"

ಇದಕ್ಕೆ ನಾನು ಏನು ಹೇಳಿದೆ ಎಂಬುದೇ ಈ ಬರಹದ ವಿಷಯ.

ನನಗೆ ನೆನಪಿದ್ದದ್ದು ಹೀಗೆ: ಬಾಗಿಲ ಚೌಕಟ್ಟು ಹಿಡಿದು ನಿಂತು, "ಇಳಿಸು ತಮ್ಮಾ, ಆದರೆ ನಿಧಾನ," ಎಂದೆ. ಕೈಗೆ ಚೌಕಟ್ಟಿನ ಬಣ್ಣ ಅಂಟಿದ್ದೂ ನೆನಪಿದೆ. ಅಷ್ಟು ವಿವರವಿರುವ ನೆನಪು ಸುಳ್ಳಾಗಲಾರದು ಎಂದುಕೊಂಡಿದ್ದೆ.

ಕೆಲವು ತಿಂಗಳ ನಂತರ, ಆಸ್ಪತ್ರೆಗಳು ತುಂಬಿ ತುಳುಕುತ್ತಿದ್ದ ದಿನಗಳಲ್ಲಿ, ಗುಣಾನಿಗೆ ಸೋಂಕು ತಗುಲಿತು. ನಾಲ್ಕು ವಾರ ಆಸ್ಪತ್ರೆ, ಅದರಲ್ಲಿ ಹತ್ತು ದಿನ ಕೃತಕ ಉಸಿರಾಟ. ಫೋನಿನಲ್ಲಿ ಅವನ ತಾಯಿ ಅಳುತ್ತಿದ್ದರೆ, ನಾನು ತರಗತಿಯಲ್ಲಿ ಹೇಳುವಂತೆ ಆಮ್ಲಜನಕದ ಲೆಕ್ಕ ಬಿಡಿಸಿ ಹೇಳುತ್ತಿದ್ದೆ. ಅವನು ಬದುಕಿದ. ಅವನು ಆಸ್ಪತ್ರೆಯಿಂದ ಬಂದ ವಾರದಲ್ಲೇ, ಯಾವಾಗ ಏನು ಕೇಳಿದ್ದ ಎಂದು ಹಳೆಯ ಡೈರಿ ತಿರುವಿದೆ. ನನ್ನದೇ ಅಕ್ಷರ: "ಗುಣಾ ತೂಕ ಇಳಿಸಲೇ ಎಂದು ಕೇಳಿದ. ಮುಂದಿನ ತಿಂಗಳು ಮೈದಾನ ತೆರೆಯಬಹುದು, ಸೀಸನ್ ಮುಗಿಯಲಿ, ಆಮೇಲೆ ನೋಡೋಣ ಎಂದೆ. ಒಪ್ಪಿದ. ಸಂಜೆ ಅವನಿಗೆ ಎರಡು ಪೊಟ್ಟಣ ನಾಸಿ ಲೆಮಾಕ್ ಕಳಿಸಿದೆ."

ನಾಸಿ ಲೆಮಾಕ್ ಎಂದರೆ ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನ. ಮೈದಾನ ಮುಂದಿನ ತಿಂಗಳು ತೆರೆಯಲಿಲ್ಲ.

ತೂಕ ಕಡಿಮೆಯಿದ್ದರೆ ಅವನಿಗೆ ಹೀಗಾಗುತ್ತಿರಲಿಲ್ಲ ಎಂದು ಯಾವ ಡಾಕ್ಟರೂ ಖಂಡಿತವಾಗಿ ಹೇಳಲಾರರು. ವಿದ್ಯಾರ್ಥಿಗಳಿಗೆ ಇದನ್ನೇ ಕಲಿಸುತ್ತೇನೆ. ಆ ಪಾಠ ನನಗೆ ಬೇಕಾದಾಗಲೆಲ್ಲ ನೆರವಿಗೆ ಬರುತ್ತದೆ. ಅದಕ್ಕೇ ಅದರ ಮೇಲೆ ಅನುಮಾನ. ಅವನು ಕೇಳಿದ ಗಳಿಗೆಯಲ್ಲಿ ನಾನು ಯಾರ ಆರೋಗ್ಯ ನೋಡಿದೆ? ಮೂವರು ಇಬ್ಬರಾದರೆ ತಂಡವಿಲ್ಲ, ತಂಡವಿಲ್ಲದಿದ್ದರೆ ನನಗೆ ಭಾನುವಾರವಿಲ್ಲ. ಮಣಿಪಾಲದಲ್ಲಿ ಯಾರಾದರೂ ಕೇಳಿದ್ದರೆ ಇಂಥ ಉತ್ತರ ಕೊಡುತ್ತಿರಲಿಲ್ಲ ಎಂದು ಬರೆಯಹೊರಟೆ. ಮಣಿಪಾಲದಲ್ಲಿ ನಾನು ಇಷ್ಟು ಒಂಟಿಯಾಗಿರಲಿಲ್ಲ, ಗೊತ್ತಿರುವುದು ಅಷ್ಟೇ.

ಆಸ್ಪತ್ರೆಯಿಂದ ಬಂದು ಎರಡು ತಿಂಗಳಾದ ಮೇಲೆ ಅವನನ್ನು ನೋಡಲು ಹೋದೆ. ಗ್ಯಾಸ್ ಅಂಗಡಿಯಲ್ಲಿ ಫೋನಿನ ಮುಂದೆ ಕೂರಿಸಿದ್ದರು. ಅಂಗಿ ಹಳೆಯದೇ, ಒಳಗೆ ಇನ್ನೊಬ್ಬನಿಗೆ ಜಾಗವಿತ್ತು.

"ನೋಡಿ ಅಕ್ಕಾ, ಈಗ ಓಡಿ ಕ್ಯಾಚ್ ಹಿಡಿಯೋ ಸೈಜು ಆಗಿದೀನಿ. ಕೋಚ್‌ಗೆ ಹೇಳಿ ಲಾ!" ಎಂದು ನಕ್ಕ. ನಗುವಿನ ನಡುವೆ ಎರಡು ಸಲ ಉಸಿರಿಗೆ ನಿಂತ.

"ಗುಣಾ, ಅವತ್ತು ತೂಕ ಇಳಿಸಲಾ ಅಂತ ನನ್ನ ಕೇಳಿದೆಯಲ್ಲ..."

"ನೀವು ಹೇಳಿದ್ರಿ ಅಕ್ಕಾ, ನಿಧಾನ ಇಳಿಸು ಅಂತ. ನಾನೇ ಕೇಳಲಿಲ್ಲ. ತಿನ್ನೋ ಬಾಯಿ, ಏನು ಮಾಡೋದು."

"ನಾನು ಹಾಗೆ ಹೇಳಲಿಲ್ಲ. ಬರೆದಿಟ್ಟಿದೀನಿ."

"ಹೇಳಿದ್ರಿ ಅಕ್ಕಾ. ಬಾಗಿಲ ಹತ್ರ ನಿಂತು ಹೇಳಿದ್ರಿ."

ಫೋನ್ ಬಂತು. "ಯಾವ ಬ್ಲಾಕು? ಎಷ್ಟನೇ ಮಹಡಿ? ಲಿಫ್ಟ್ ಇದೆಯಾ?" ಎಂದು ಕೇಳಿ ಬರೆದುಕೊಂಡ. ಮತ್ತೆ ನನ್ನ ಕಡೆ ತಿರುಗಿದಾಗ ಬೇರೆ ವಿಷಯ ತೆಗೆದ. ಅವನಿಗೆ ನಿಜವಾಗಿಯೂ ಹಾಗೆ ನೆನಪಿದೆಯೋ, ನನ್ನ ಮುಖ ನೋಡಿ ಹಾಗೆಂದನೋ, ಇಂದಿಗೂ ಗೊತ್ತಿಲ್ಲ. ಆ ಮೈದಾನದಲ್ಲಿ ನಾವು ಅವನಿಗೆ ಕಲಿಸಿದ್ದು ಒಂದೇ ವಿದ್ಯೆ: ಹಿಂದೆ ನಿಂತವರ ಮೈಗೆ ಏನೂ ತಾಗಬಾರದು.

ವಿಮಾನಗಳು ಶುರುವಾದ ಮೇಲೆ ರಜೆಗೆ ಉಡುಪಿಗೆ ಹೋದೆ. ತಂಗಿ ವಾಣಿಯ ಮನೆಗೆ ಸಿಲಿಂಡರ್ ಬಂತು. ತಂದವನು ಸಣಕಲ, ಅಂಗಳದಲ್ಲಿ ಧಡ್ಡೆಂದು ಇಳಿಸಿದ. ನಾನು ಬೆಚ್ಚಿಬಿದ್ದೆ.

"ಎಂತ ಅಕ್ಕ ನೀನು, ಆ ಮನುಷ್ಯನ ಕಾಲು ನೋಡುದು?" ಎಂದಳು ವಾಣಿ.

ಅಡುಗೆಮನೆಯಲ್ಲಿ ಕೂತು ಅವಳಿಗೆ ಗುಣಾನ ಕಥೆ ಹೇಳಿದೆ. ಹನ್ನೊಂದು ರೊಟ್ಟಿಗೆ ನಕ್ಕಳು, ಆಸ್ಪತ್ರೆಗೆ ಬಂದಾಗ ಸೌಟು ಕೆಳಗಿಟ್ಟಳು.

"ಇಳಿಸಲಾ ಅಂತ ಕೇಳಿದ್ನಲ್ಲ, ನೀನು ಎಂತ ಹೇಳಿದ್ದು?"

"ನಿಧಾನ ಇಳಿಸು ಅಂತ ಹೇಳಿದೆ," ಎಂದೆ.

ತಡವರಿಸಲಿಲ್ಲ. ಕೈಗೆ ಬಣ್ಣ ಅಂಟಿದ್ದನ್ನೂ ಸೇರಿಸಿ ಹೇಳಿದೆ.

"ಮತ್ತೆಂತ ಮಾಡ್ಲಿಕ್ಕಾಗ್ತದೆ ನಿಂಗೆ, ಅವ ಕೇಳದಿದ್ರೆ," ಎಂದು ನನಗೆ ಇನ್ನೊಂದು ಲೋಟ ಕಾಫಿ ಕೊಟ್ಟಳು. ಉಡುಪಿಯಲ್ಲಿದ್ದ ಹದಿನೈದು ದಿನವೂ ಚೆನ್ನಾಗಿ ನಿದ್ದೆ ಬಂತು.

ಈಗ ಮೈದಾನ ತೆರೆದಿದೆ. ಕಾಲೇಜು ನನ್ನ ಕರಾರನ್ನು ಇನ್ನೆರಡು ವರ್ಷಕ್ಕೆ ಮುಂದುವರಿಸಿದೆ. "ಮೂವರು ಬೇಕು ಡಾಕ್, ನಿಮ್ಮ ಕಣ್ಣು ಒಳ್ಳೇದು," ಎಂದು ಅಜ್ಲಾನ್ ಕೇಳುತ್ತಾನೆ. ಇನ್ನೂ ಉತ್ತರ ಕೊಟ್ಟಿಲ್ಲ. ಭಾನುವಾರ ಬೇಲಿಯವರೆಗೆ ಹೋಗುತ್ತೇನೆ, ಅಲ್ಲೇ ನಿಲ್ಲುತ್ತೇನೆ. ಅಂಗಡಿಗೆ ಫೋನ್ ಮಾಡಿದರೆ ಗುಣಾ ನನ್ನ ದನಿ ಗುರುತಿಸಿ, ಮಹಡಿ ಕೇಳದೆಯೇ ಬರೆದುಕೊಳ್ಳುತ್ತಾನೆ. ಸಿಲಿಂಡರ್ ಹೊತ್ತು ಹೊಸಬ ಬರುವಾಗ ನಾನು ಕೋಣೆಗೆ ಹೋಗಿಬಿಡುತ್ತೇನೆ.

ಅಲ್ಲಿ ವಾಣಿಯ ಅಕ್ಕ, ಇಲ್ಲಿ ಗುಣಾನ ಅಕ್ಕ. ವಾಣಿ, ಗುಣಾ ಇಬ್ಬರೂ ನನ್ನನ್ನು ನಂಬಿರುವುದು ಒಂದೇ ಸುಳ್ಳಿನ ಮೇಲೆ. ಡೈರಿಯನ್ನು ತೆರೆದಿಟ್ಟುಕೊಂಡು, ಒಂದೊಂದು ವಾಕ್ಯವನ್ನೂ ಅದಕ್ಕೆ ಹಿಡಿದು ನೋಡಿ ಇದನ್ನು ಬರೆದಿದ್ದೇನೆ. ಗುಣಾನಿಗೆ ಕನ್ನಡ ಓದಲು ಬರುವುದಿಲ್ಲ. ವಾಣಿಗೆ ಬರುತ್ತದೆ.